ಗರಗಸದ ಮೂತಿಗೆ ಗ್ರೀಸ್ ಬೇಕೆ?

ಬಂಗಾರಪೇಟೆಯ ಬಳಿಯ ನೀಲಗಿರಿ ತೋಪೊಂದರಲ್ಲಿ ಚಿತ್ರೀಕರಣಕ್ಕೆ ಸಿದ್ಧರಾಗಿದ್ದೆವು. ಅಷ್ಟರಲ್ಲಿ ಮರ ಕಡಿಯುವ ಇಬ್ಬರ ನಡುವೆ ವಾದ ಹತ್ತಿಕೊಂಡಿತು. "ಮೂತಿಗೆ ಗ್ರೀಸ್ ಹೊಡಿಯೋ, ಚಕ್ರ ಕಚ್ಕೊಂಡುಬಿಡುತ್ತೆ" ಎಂದರು ಹಿರಿಯರು. "ಬೇಡಣ್ಣ, ಗ್ರೀಸ್ ಹಾಕಿದ್ರೆ ಮಣ್ಣು ಹಿಡಿಯುತ್ತೆ. ಚೈನಿಗೆ ಬರೋ ಆಯಿಲ್ಲೇ ಸಾಕು" ಎಂದ ಕಿರಿಯ. ವಾದ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಸಾಗಿತ್ತು. ಕ್ಯಾಮರಾ ಕಾಯುತ್ತ ನಿಂತಿತು.

ವಿದ್ಯಾರ್ಥಿ ಮಿತ್ರರೇ, ಚೈನ್ ಗರಗಸದ ಉದ್ದನೆಯ ಪಟ್ಟಿಯ ತುದಿಯಲ್ಲಿ ಒಂದು ಪುಟ್ಟ ಹಲ್ಲಿನ ಚಕ್ರವಿರುತ್ತದೆ. ಕೆ.ಜಿ.ಎಫ್.ನವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಶಾಫ್ಟಿನ ಮೇಲಿನ ಉಕ್ಕಿನ ಗೋಪುರದ ನೆತ್ತಿಯಲ್ಲಿ ದೊಡ್ಡ ಗಾಲಿ ತಿರುಗುತ್ತಿತ್ತು. ಎಳೆಯುವ ಯಂತ್ರ ಇದ್ದದ್ದು ಕೆಳಗಿನ ಇಂಜಿನ್ ಮನೆಯಲ್ಲಿ. ಮೇಲಿನ ಗಾಲಿಗೆ ಸ್ವಂತ ಬಲವಿಲ್ಲ; ಹಗ್ಗದ ದಿಕ್ಕು ತಿರುಗಿಸುವುದಷ್ಟೇ ಅದರ ಕೆಲಸ. ಗರಗಸದ ಮೂತಿಯ ಚಕ್ರವೂ ಹಾಗೆಯೇ, ಆದರೆ ವೇಗ ಬೇರೆ. ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಚಕ್ರ ಒಂದು ಸುತ್ತು ಬಂದರೆ ಚೈನು ಸುಮಾರು 21 ಸೆಂಟಿಮೀಟರ್ ಸರಿಯುತ್ತದೆ ಎನ್ನೋಣ. ಭಾಗಿಸಿ ನೋಡಿ: ನಿಮಿಷಕ್ಕೆ 5,700 ಸುತ್ತು!

ಈ ಚಕ್ರದ ಒಳಗೆ ಸೂಜಿಯಂಥ ಸಣ್ಣ ಉರುಳೆಗಳ ಬೇರಿಂಗ್ ಇದೆ. ಕಿರಿಯನ ಮಾತಿನಂತೆ ಚೈನಿನ ಎಣ್ಣೆ ಸ್ವಲ್ಪ ಅಲ್ಲಿಗೂ ತಲಪುತ್ತದೆ. ಆದರೆ ಎಣ್ಣೆ ಹರಿಯುವ ವಸ್ತು, ಒಂದು ಕಡೆ ನಿಲ್ಲುವುದಿಲ್ಲ. ಗ್ರೀಸ್ ಎಂದರೆ ಸಾಬೂನಿನಂಥ ಜಾಲದಲ್ಲಿ ಹಿಡಿದಿಟ್ಟ ಎಣ್ಣೆ. ಅದು ಇದ್ದಲ್ಲೇ ಇದ್ದು, ಉಜ್ಜಿದಾಗ ಮೆದುವಾಗಿ ಎಣ್ಣೆಯನ್ನು ಬಿಟ್ಟುಕೊಡುತ್ತದೆ.

ಹಾಗಾದರೆ ಮಣ್ಣಿನ ಭಯ ಸುಳ್ಳೇ? ಅಲ್ಲ. ನೀಲಗಿರಿಯನ್ನು ಮತ್ತೆ ಚಿಗುರಲೆಂದು ಬುಡಕ್ಕೆ ತಾಗಿಸಿಯೇ ಕಡಿಯುವುದರಿಂದ ಗರಗಸದ ಮೂತಿ ಕೆಂಪು ಮಣ್ಣಿನ ಪಕ್ಕದಲ್ಲೇ ಆಡುತ್ತದೆ. ಆ ಮಣ್ಣಿನಲ್ಲಿ ಬೆಣಚುಕಲ್ಲಿನ ಕಣಗಳಿವೆ. ಕೆ.ಜಿ.ಎಫ್.ನ ಚಿನ್ನ ಅಡಗಿದ್ದದ್ದೂ ಬೆಣಚುಕಲ್ಲಿನ ಪದರಗಳಲ್ಲೇ! ಈ ಕಣಗಳು ಉಕ್ಕನ್ನೂ ಸವೆಸಬಲ್ಲವು. ಗ್ರೀಸಿಗೆ ಅಂಟಿಕೊಂಡರೆ ಅದು ಉಜ್ಜುವ ಲೇಪವೇ ಆಗಿಬಿಡುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ನೆನಪಾದಾಗ ಒಂದು ಹನಿ ಗ್ರೀಸ್ ತುರುಕುವುದು, ನನ್ನ ದೃಷ್ಟಿಯಲ್ಲಿ, ಏನೂ ಹಾಕದಿರುವುದಕ್ಕಿಂತ ಕೆಟ್ಟದ್ದು. ಹೊಸ ಗ್ರೀಸ್ ಹಳೆಯದನ್ನು ಹೊರಗೆ ದಬ್ಬಬೇಕು. ಚಕ್ರದ ಅಂಚಿನಿಂದ ಕಪ್ಪು ಗ್ರೀಸ್ ಬಂದು ಮುಗಿದು, ಶುದ್ಧವಾದದ್ದು ಕಾಣುವವರೆಗೂ ಒತ್ತಬೇಕು. ಆಗ ಅದೇ ಗ್ರೀಸ್ ಧೂಳಿಗೆ ಬಿರಡೆಯೂ ಆಗುತ್ತದೆ.

ಇದೆಲ್ಲ ಮೂತಿಯ ಬಳಿ ಸಣ್ಣ ರಂಧ್ರವಿರುವ ಪಟ್ಟಿಗಳ ಮಾತು. ಕೆಲವಕ್ಕೆ ರಂಧ್ರವೇ ಇರುವುದಿಲ್ಲ. ಕಾರ್ಖಾನೆಯಲ್ಲೇ ಗ್ರೀಸ್ ತುಂಬಿರುತ್ತಾರೆ. ಅಂಥದಕ್ಕೆ ನಾವಾಗಿ ತೂತು ಕೊರೆಯಬಾರದು. ತಯಾರಕರ ಕೈಪಿಡಿಯನ್ನು ಮೊದಲು ಓದಿ.

ಚಕ್ರ ಕಚ್ಚಿಕೊಂಡರೆ ಚೈನು ಅಲ್ಲಿ ಉಜ್ಜಿ ಕಾದು, ಹಿಗ್ಗಿ ಸಡಿಲವಾಗುತ್ತದೆ. ಸಡಿಲ ಚೈನು ಕಳಚಿಕೊಂಡರೆ ಕೈಕಾಲಿಗೆ ಅಪಾಯ. ಹೋದ ಪಟ್ಟಿಯ ಖರ್ಚು, ಹೋದ ದಿನದ ಕೂಲಿ ಬೇರೆ. ಗ್ರೀಸ್ ಹಾಕುವಾಗಲೂ ಇಂಜಿನ್ ನಿಲ್ಲಿಸಿರಬೇಕು, ಚೈನನ್ನು ದಪ್ಪ ಕೈಗವಸು ತೊಟ್ಟೇ ತಿರುಗಿಸಬೇಕು.

ತೋಪಿನಲ್ಲಿದ್ದ ಯಂತ್ರಕ್ಕೆ ರಂಧ್ರವಿತ್ತು, ಆದರೆ ಮರದ ಪುಡಿ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಕಿರಿಯನೇ ತಂತಿಯಿಂದ ಕೆದಕಿ ತೆಗೆದ. ಹಿರಿಯರು ಪಂಪು ಒತ್ತಿದರು. ಬಹಳ ಹೊತ್ತು ಕಪ್ಪು ಗ್ರೀಸೇ ಬಂತು, ನಡುನಡುವೆ ಕೆಂಪು ಮಣ್ಣಿನ ಎಳೆ. "ನೋಡಣ್ಣ, ಮಣ್ಣು!" ಎಂದ ಕಿರಿಯ. "ಅದಕ್ಕೇ ಹೊಡಿ ಅಂದಿದ್ದು" ಎಂದು ಹಿರಿಯರು ಒತ್ತುತ್ತಲೇ ಹೋದರು.