ಕಥಾಫಲಕ: ಚಿತ್ರಕ್ಕೂ ಪ್ರಬಂಧಕ್ಕೂ ಒಂದು ಪೂರ್ವವಿನ್ಯಾಸ

ಚಲನಚಿತ್ರವನ್ನು ತೆಗೆಯುವ ಮೊದಲು ಅದರ ದೃಶ್ಯಗಳನ್ನು ಒಂದೊಂದು ಹಾಳೆಯಲ್ಲಿ ಸ್ಥೂಲವಾಗಿ ಬರೆದು, ಕ್ರಮವಾಗಿ ಹಲಗೆಗೆ ಚುಚ್ಚಿಡುವ ಪದ್ಧತಿಯುಂಟು. ಸ್ಟೋರಿಬೋರ್ಡ್ ಎಂದು ಪ್ರಸಿದ್ಧವಾದ ಇದನ್ನು ನಾವು ಕಥಾಫಲಕವೆಂದು ಕರೆಯುತ್ತೇವೆ. ವಾಲ್ಟ್ ಡಿಸ್ನಿಯವರ ಸ್ಟುಡಿಯೋದಲ್ಲಿ ೧೯೩೦ರ ದಶಕದ ಆರಂಭದಲ್ಲಿ ಇದು ನೆಲೆಗೊಂಡಿತು. ಇದರ ಶ್ರೇಯಸ್ಸನ್ನು ಡಿಸ್ನಿಯವರು ವೆಬ್ ಸ್ಮಿತ್ ಎಂಬ ಚಿತ್ರಕಾರರಿಗೆ ಸಲ್ಲಿಸಿದ್ದರು. ತೆರೆಯ ಮೇಲೆ ಒಂದು ನಿಮಿಷ ಓಡುವ ಚಿತ್ರಕ್ಕೆ ೧೪೪೦ ಚೌಕಟ್ಟುಗಳು ಬೇಕು. ಅವನ್ನೆಲ್ಲ ಕೈಯಿಂದ ಬರೆದು ಮುಗಿಸಿದ ಮೇಲೆ ಕಥೆಯ ದೋಷ ಕಂಡರೆ ತಿದ್ದುವ ಧೈರ್ಯ ಯಾರಿಗಿದ್ದೀತು? ಹಲಗೆಯ ಮೇಲಾದರೋ ಒಂದು ಮೊಳೆಯನ್ನು ಕಿತ್ತರೆ ಸಾಕು.

ಆದ್ದರಿಂದ ಕಥಾಫಲಕದ ಪ್ರಯೋಜನವು ಚಿತ್ರಗಳ ಅಂದದಲ್ಲಿಲ್ಲ, ಎರಡು ಚಿತ್ರಗಳ ನಡುವಣ ಸಂಧಿಯಲ್ಲಿದೆ. ಅಲ್ಲಿನ ಬಿರುಕು ಓದುವಾಗ ಮರೆಯಾದರೂ ನೋಡುವಾಗ ಮರೆಯಾಗದು.

ನಮ್ಮ ದೇಶದಲ್ಲಿ ಸತ್ಯಜಿತ್ ರಾಯ್ ಅವರ ನಿದರ್ಶನ ಗಮನಾರ್ಹವಾದುದು. ೧೯೫೫ರಲ್ಲಿ ತೆರೆಕಂಡ 'ಪಥೇರ್ ಪಾಂಚಾಲಿ'ಗೆ ಅವರು ಪೂರ್ಣ ಚಿತ್ರಕಥೆಯನ್ನು ಬರೆದಿರಲಿಲ್ಲ. ಶಾಯಿಯ ರೇಖೆಗಳಲ್ಲಿ ದೃಶ್ಯಗಳನ್ನು ಬರೆದು, ಬಳಿಯಲ್ಲಿ ಟಿಪ್ಪಣಿ ಹಾಕಿದ ಪುಸ್ತಕವೊಂದಿತ್ತು. (ಹಾಳೆಗಳು ಬಿಡಿಯಾಗಿರದ ಕಾರಣ ಅದು ಕಟ್ಟುನಿಟ್ಟಾಗಿ ಫಲಕವಲ್ಲ, ಕೆಲಸ ಮಾತ್ರ ಅದೇ.) ಅದನ್ನು ಕಂಡ ನಿರ್ಮಾಪಕರು ಹಣ ಹೂಡಲು ಒಪ್ಪಲಿಲ್ಲ. ೧೯೫೨ರಲ್ಲಿ ಆರಂಭವಾದ ಚಿತ್ರೀಕರಣ ಹಣವಿಲ್ಲದೆ ದೀರ್ಘಕಾಲ ನಿಂತು, ಕಡೆಗೆ ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ ಪೂರ್ಣಗೊಂಡಿತು. ಹೀಗೆ ತಡೆತಡೆದು ನಡೆದ ಕೆಲಸದಲ್ಲಿ ಕ್ರಮವೊಂದು ಕಾಗದದ ಮೇಲೆ ಉಳಿದಿದ್ದುದು ಸಾಮಾನ್ಯ ಲಾಭವಲ್ಲ. ಆ ಪುಸ್ತಕವನ್ನು ರಾಯ್ ಅವರು ಮುಂದೆ ಪ್ಯಾರಿಸ್ಸಿನ ಚಲನಚಿತ್ರ ಸಂಗ್ರಹಾಲಯಕ್ಕೆ ಕೊಟ್ಟರು.

ಸಂಶೋಧನ ಪ್ರಬಂಧವನ್ನು ಬರೆಯುವವರಿಗೂ ಈ ಉಪಾಯ ಸಲ್ಲುತ್ತದೆಂಬುದು ನಮ್ಮ ಅಭಿಪ್ರಾಯ. ಎರಡು ವರ್ಷ ದುಡಿದ ವಿದ್ಯಾರ್ಥಿಗೆ ಮೂರನೆಯ ಅಧ್ಯಾಯ ಮೊದಲು ಬರಬೇಕಾಗಿತ್ತೆಂದು ಕಡೆಯಲ್ಲಿ ತಿಳಿದರೆ ಆಗುವ ನಷ್ಟ ಅಲ್ಪವಲ್ಲ. ಆದರೆ ಬಿಡಿ ಕಾರ್ಡುಗಳ ಮೇಲೆ ವಿಷಯದ ಹೆಸರನ್ನಷ್ಟೆ ಬರೆದರೆ ಫಲವಿಲ್ಲ. 'ಹರಿಹರನ ರಗಳೆಗಳು' ಎಂಬುದು ಬರಿಯ ಶೀರ್ಷಿಕೆ. 'ರಗಳೆಯ ಓಟದಿಂದ ಹರಿಹರನ ಕಥನಕ್ಕೆ ವೇಗ ಬಂದಿತು' ಎಂಬುದು ಪ್ರತಿಪಾದನೆ. ಎರಡನೆಯದಕ್ಕೆ ಆಧಾರ ಕೊಡಬೇಕಾಗುತ್ತದೆ, ಅದನ್ನು ಅಲ್ಲಗಳೆಯಲೂಬಹುದು. ಹೀಗೆ ಬರೆದ ಕಾರ್ಡುಗಳನ್ನು ಗೋಡೆಗೆ ಹಚ್ಚಿ, ಪಕ್ಕಪಕ್ಕದ ಎರಡರ ನಡುವೆ 'ಆದಕಾರಣ' ಅಥವಾ 'ಆದರೆ' ಎಂಬ ಮಾತು ನಿಲ್ಲುವುದೇ ಎಂದು ಪರೀಕ್ಷಿಸಬೇಕು. 'ಇನ್ನು' ಎಂಬುದೊಂದೇ ನಿಲ್ಲುವಂತಿದ್ದರೆ ಅಲ್ಲಿ ಸಂಧಿ ಬಿಟ್ಟಿದೆ. ನಮ್ಮ ಪ್ರಬಂಧಗಳಲ್ಲಿ ಈ 'ಇನ್ನು' ಬಹಳ ಸೇವೆ ಸಲ್ಲಿಸಿದೆ!

ಆಧಾರ ಇನ್ನೂ ದೊರೆಯದ ಕಾರ್ಡಿನ ಮೂಲೆಯಲ್ಲಿ ಕೆಂಪು ಗುರುತಿಟ್ಟರೆ ಗ್ರಂಥಾಲಯದಲ್ಲಿ ಹುಡುಕಬೇಕಾದುದು ದೂರದಿಂದಲೇ ಕಾಣುತ್ತದೆ. ಕಿತ್ತ ಕಾರ್ಡನ್ನು ಹರಿಯದೆ ಲಕೋಟೆಯೊಂದರಲ್ಲಿ ಇಟ್ಟುಕೊಳ್ಳುವುದು ಲೇಸು. ಈ ಪ್ರಬಂಧದಲ್ಲಿ ಎಡೆ ದೊರೆಯದ ಪ್ರತಿಪಾದನೆ ಬೇರೊಂದು ಲೇಖನಕ್ಕೆ ಮೊದಲ ಕಾರ್ಡಾದೀತು.