ಕರ್ನಾಟಕದ ಗ್ರಾಮೀಣ ಬ್ಯಾಂಕುಗಳ ವಿಲೀನ

ಕರ್ನಾಟಕದ ಗ್ರಾಮೀಣ ಬ್ಯಾಂಕುಗಳ ವಿಲೀನವು ರಾಜ್ಯದ ಹಲವು ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು ಹಂತಹಂತವಾಗಿ ಒಂದುಗೂಡಿ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿ ರೂಪುಗೊಂಡ ಪುನಾರಚನೆಯ ಪ್ರಕ್ರಿಯೆ. ಇದರ ಕೊನೆಯ ಹಂತವು 2025ರ ಮೇ 1ರಂದು ಜಾರಿಗೆ ಬಂದಿತು.

ಹಿನ್ನೆಲೆ

ಸಣ್ಣ ರೈತರು, ಕೃಷಿ ಕಾರ್ಮಿಕರು ಹಾಗೂ ಕುಶಲಕರ್ಮಿಗಳಿಗೆ ಸಾಲ ಒದಗಿಸುವ ಉದ್ದೇಶದಿಂದ 1975ರ ಸುಗ್ರೀವಾಜ್ಞೆಯ ಮೂಲಕ ಗ್ರಾಮೀಣ ಬ್ಯಾಂಕುಗಳು ಆರಂಭವಾದವು. 1976ರಲ್ಲಿ ಇವುಗಳಿಗಾಗಿ ಪ್ರತ್ಯೇಕ ಕಾಯಿದೆ ಬಂದಿತು. ಬಂಡವಾಳದಲ್ಲಿ ಕೇಂದ್ರ ಸರ್ಕಾರದ ಪಾಲು ಶೇ. 50, ಪ್ರಾಯೋಜಕ ಬ್ಯಾಂಕಿನದು ಶೇ. 35, ರಾಜ್ಯ ಸರ್ಕಾರದ್ದು ಶೇ. 15. ಕೆಲವೇ ಜಿಲ್ಲೆಗಳ ವ್ಯಾಪ್ತಿಯ ಕಾರಣ ಜನಪರಿಚಯವೇ ಇವುಗಳ ಬಲವಾಗಿತ್ತು. ಅಲ್ಪ ಬಂಡವಾಳ ಹಾಗೂ ಹೆಚ್ಚಿನ ಆಡಳಿತ ವೆಚ್ಚ ದೌರ್ಬಲ್ಯವಾಗಿದ್ದವು.

ವಿಲೀನದ ಹಂತಗಳು

* 2005: ಮಲಪ್ರಭಾ, ಬಿಜಾಪುರ, ವರದಾ ಮತ್ತು ನೇತ್ರಾವತಿ ಬ್ಯಾಂಕುಗಳು ಸೇರಿ ಧಾರವಾಡದಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. ತುಂಗಭದ್ರಾ, ಚಿತ್ರದುರ್ಗ, ಕೋಲಾರ ಮತ್ತು ಸಹ್ಯಾದ್ರಿ ಬ್ಯಾಂಕುಗಳಿಂದ ಬಳ್ಳಾರಿಯಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕ್ ರಚನೆಯಾಯಿತು.
* 2013: ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕ್ ಸೇರಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಆಯಿತು.
* 2019: ಇದು ಮೈಸೂರಿನ ಕಾವೇರಿ ಗ್ರಾಮೀಣ ಬ್ಯಾಂಕಿನೊಡನೆ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎನಿಸಿತು.
* 2025: ‘ಒಂದು ರಾಜ್ಯ, ಒಂದು ಗ್ರಾಮೀಣ ಬ್ಯಾಂಕ್’ ನೀತಿಯಂತೆ ಧಾರವಾಡದ ಬ್ಯಾಂಕೂ ಇದರಲ್ಲಿ ಸೇರಿತು. ದೇಶದಲ್ಲಿ ಗ್ರಾಮೀಣ ಬ್ಯಾಂಕುಗಳ ಸಂಖ್ಯೆ 43ರಿಂದ 28ಕ್ಕೆ ಇಳಿಯಿತು.

ಧಾರವಾಡದ ಬ್ಯಾಂಕಿನ ಪ್ರಾಯೋಜಕವಾಗಿದ್ದ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನಗೊಂಡಿದ್ದರಿಂದ, ಕೊನೆಯ ಹಂತದ ವೇಳೆಗೆ ಎರಡೂ ಬ್ಯಾಂಕುಗಳಿಗೆ ಕೆನರಾ ಬ್ಯಾಂಕೇ ಪ್ರಾಯೋಜಕವಾಗಿತ್ತು.

ಬದಲಾವಣೆಯ ನಿರ್ವಹಣೆ

ಗ್ರಾಮೀಣ ಬ್ಯಾಂಕಿನ ಅಧ್ಯಕ್ಷರನ್ನು ಪ್ರಾಯೋಜಕ ಬ್ಯಾಂಕು ನೇಮಿಸುತ್ತದೆ. ಹೀಗೆ ಹೊರಗಿನಿಂದ ಬಂದವರು ಭಿನ್ನ ಸಂಪ್ರದಾಯಗಳ ಸಿಬ್ಬಂದಿಯನ್ನು ಒಂದೇ ಸಂಸ್ಥೆಯಾಗಿ ನಡೆಸಬೇಕಾಗುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅಧಿಸೂಚನೆಯು ಸೂಚಿಸಿದ ದಿನದಂದೇ ವಿಲೀನವು ಜಾರಿಗೆ ಬರುತ್ತದೆ. ಆಡಳಿತದಲ್ಲಿ ಅದಕ್ಕೆ ದೀರ್ಘ ಕಾಲ ಹಿಡಿಯುತ್ತದೆ.

ನೌಕರರಿಗೆ ಜ್ಯೇಷ್ಠತಾ ಪಟ್ಟಿಯೇ ಮುಖ್ಯ ಪ್ರಶ್ನೆ. ಒಂದು ಬ್ಯಾಂಕಿನಲ್ಲಿ ಬಡ್ತಿ ಬೇಗ, ಇನ್ನೊಂದರಲ್ಲಿ ತಡವಾಗಿ ದೊರೆತಿದ್ದರೆ, ಪಟ್ಟಿಗಳನ್ನು ಒಂದುಗೂಡಿಸುವಾಗ ಸಮಾನ ಸೇವೆ ಸಲ್ಲಿಸಿದವರ ನಡುವೆಯೂ ವ್ಯತ್ಯಾಸ ಉಂಟಾಗುತ್ತದೆ. ನಿಯಮಗಳನ್ನು ಮೊದಲೇ ಪ್ರಕಟಿಸಿ ಆಕ್ಷೇಪಣೆಗಳನ್ನು ಆಲಿಸುವುದು ಅಸಮಾಧಾನವನ್ನು ತಗ್ಗಿಸುವ ಕ್ರಮ. ಬ್ಯಾಂಕಿನ ವ್ಯಾಪ್ತಿ ಹಿಗ್ಗಿದಂತೆ ದೂರದ ವರ್ಗಾವಣೆಯ ಆತಂಕವೂ ಹೆಚ್ಚುತ್ತದೆ.

ಗ್ರಾಹಕರಿಗೆ ತಂತ್ರಾಂಶದ ಏಕೀಕರಣವು ಮುಖ್ಯ. ಖಾತೆಯ ವಿವರ ಅಥವಾ ಐಎಫ್‌ಎಸ್‌ಸಿ ಸಂಕೇತ ಬದಲಾದಾಗ ಸರಿಯಾದ ಜೋಡಣೆಯಾಗದಿದ್ದರೆ ಪಿಂಚಣಿ ಮತ್ತು ಸಹಾಯಧನದ ಜಮೆ ತಡವಾಗಬಹುದು. ಆದ್ದರಿಂದ ಶಾಖೆಗಳಲ್ಲಿ ಕನ್ನಡದ ಸೂಚನಾ ಫಲಕಗಳು ಮತ್ತು ನೇರ ವಿವರಣೆ ಅಗತ್ಯವಾಗುತ್ತವೆ.

ವಿಮರ್ಶೆ

ವಿಲೀನದಿಂದ ಬಂಡವಾಳ ಬಲಗೊಂಡು, ಪುನರಾವರ್ತಿತ ವೆಚ್ಚ ತಗ್ಗುತ್ತದೆ ಎಂಬುದು ಸಮರ್ಥಕರ ವಾದ. ಯಾವ ರೈತ ಯಾವ ಬೆಳೆಯ ನಂತರ ಸಾಲ ತೀರಿಸುತ್ತಾನೆ ಎಂಬ ಶಾಖಾ ಮಟ್ಟದ ಅರಿವು ಕಡತಗಳಲ್ಲಿ ದಾಖಲಾಗುವುದಿಲ್ಲ; ಅನುಭವಿಗಳನ್ನು ಒಮ್ಮೆಗೇ ವರ್ಗಾಯಿಸಿದರೆ ಅದು ನಷ್ಟವಾಗುತ್ತದೆ ಎಂಬುದು ಆಕ್ಷೇಪ. ಹಂತಹಂತದ ವರ್ಗಾವಣೆ ಮತ್ತು ಪ್ರಾದೇಶಿಕ ಕಚೇರಿಗಳಿಗೆ ಸಾಲ ಮಂಜೂರಾತಿಯ ಅಧಿಕಾರ ನೀಡುವುದು ಈ ಎರಡು ಅಗತ್ಯಗಳನ್ನು ಹೊಂದಿಸುವ ಮಾರ್ಗಗಳು.