ಹಸ್ತಪ್ರತಿ ಸಂಶೋಧಕನ ಅರ್ಹತೆ: ಡಾ. ಆ. ನೇ. ಉಪಾಧ್ಯೆಯವರ ನಿದರ್ಶನ

ಹಸ್ತಪ್ರತಿ ಸಂಶೋಧನೆಗೆ ಬೇಕಾದ ಅರ್ಹತೆ ಯಾವುದೆಂದು ಕೇಳಿದರೆ, ವಿಶ್ವವಿದ್ಯಾನಿಲಯದ ಪದವಿಯೆಂದು ಕೆಲವರೂ ಗುರುಮುಖದಿಂದ ಪಡೆದ ಸಿದ್ಧಾಂತಪಾಠವೆಂದು ಕೆಲವರೂ ಹೇಳುವರು. ಇವೆರಡೂ ಒಬ್ಬನಲ್ಲಿ ಕೂಡದಿದ್ದರೆ ಹಾನಿ ಗ್ರಂಥಕ್ಕೇ ಎಂಬುದನ್ನು ದಿವಂಗತ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರ (1906-1975) ವಿದ್ಯಾಜೀವನದಿಂದ ಅರಿಯಬಹುದು.

ಬೆಳಗಾವಿ ಜಿಲ್ಲೆಯ ಸದಲಗೆಯಲ್ಲಿ ಜನಿಸಿದ ಅವರು 1930ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಪಡೆದು, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. ಡಿ.ಲಿಟ್. ದೊರೆತುದು 1939ರಲ್ಲಿ. ಅಷ್ಟರೊಳಗೆ ಕುಂದಕುಂದಾಚಾರ್ಯರ ಪ್ರಾಕೃತ ಗ್ರಂಥ 'ಪ್ರವಚನಸಾರ' (1935), ಯೋಗೀಂದುದೇವರ ಅಪಭ್ರಂಶ ಕೃತಿ 'ಪರಮಾತ್ಮಪ್ರಕಾಶ' (1937), ಸಂಸ್ಕೃತದ 'ವರಾಂಗಚರಿತ' (1938) ಎಂಬ ಮೂರು ಭಾಷೆಗಳ ಗ್ರಂಥಗಳನ್ನು ಅವರು ಸಂಪಾದಿಸಿದ್ದರು. ಪದವಿಯು ಯೋಗ್ಯತೆಯನ್ನು ಹಿಂಬಾಲಿಸಿ ಬಂದಿತು.

'ವರಾಂಗಚರಿತ'ದ ಪ್ರತಿಗಳಲ್ಲಿ ಕವಿಯ ಹೆಸರಿಲ್ಲ. ಜಿನಸೇನರ 'ಹರಿವಂಶಪುರಾಣ'ವು (783) ಕೃತಿಯನ್ನು ಸ್ಮರಿಸಿದರೂ ಕರ್ತೃವನ್ನು ಹೆಸರಿಸುವುದಿಲ್ಲ; ಆದ್ದರಿಂದ ಅದನ್ನು ರವಿಷೇಣಾಚಾರ್ಯರದೆಂದು ಭಾವಿಸಿದವರೂ ಇದ್ದರು. ಉಪಾಧ್ಯೆಯವರು ಉದ್ದ್ಯೋತನಸೂರಿಯ ಪ್ರಾಕೃತ 'ಕುವಲಯಮಾಲೆ'ಯ (779) ಉಲ್ಲೇಖವನ್ನೂ ಕನ್ನಡದ 'ಚಾವುಂಡರಾಯಪುರಾಣ'ದ ಸಾಕ್ಷ್ಯವನ್ನೂ ಹೋಲಿಸಿ, ಕರ್ತೃ ಜಟಾಸಿಂಹನಂದಿಯೆಂದು ಸ್ಥಾಪಿಸಿದರು. ಸಂಸ್ಕೃತವೊಂದನ್ನೇ ಬಲ್ಲವನಿಗೆ ಈ ನಿರ್ಣಯ ಸಾಧ್ಯವಾಗುತ್ತಿರಲಿಲ್ಲ.

ಭಾಷೆಯಂತೆಯೇ ಲಿಪಿಯೂ ಮುಖ್ಯ. ಹಳಗನ್ನಡ ಲಿಪಿಯ ಕೆಲವು ಪ್ರಾಕೃತ ಪ್ರತಿಗಳಲ್ಲಿ ವ್ಯಂಜನದ ಹಿಂದಿನ ಸೊನ್ನೆಯು ದ್ವಿತ್ವವನ್ನು ಸೂಚಿಸುತ್ತದೆ. 'ಸಂವ' ಎಂದಿರುವುದನ್ನು 'ಸವ್ವ' (ಸರ್ವ) ಎಂದು ಓದಬೇಕು. ಪ್ರಾಕೃತವರಿಯದ ಲಿಪಿಜ್ಞನು ಕಂಡಂತೆಯೇ ಪ್ರತಿಮಾಡುವನು. ಲಿಪಿಯರಿಯದ ಪ್ರಾಕೃತಜ್ಞನಿಗೆ ಓಲೆಯೇ ಮೂಕ. ಎರಡು ಪಾಠಗಳೂ ವ್ಯಾಕರಣಶುದ್ಧವಾಗಿರುವಲ್ಲಿ, ಬಂಧ, ಉದಯ, ಸತ್ತ್ವಗಳ ವಿವೇಚನೆಯುಳ್ಳ ಸಿದ್ಧಾಂತಜ್ಞನೇ ಗ್ರಾಹ್ಯಪಾಠವನ್ನು ಹೇಳಬಲ್ಲನು. ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸಿ, ಮುಂದಿನವರ ಪರೀಕ್ಷೆಗೆ ಒಪ್ಪಿಸುವುದು ಸಂಪಾದಕನ ಧರ್ಮ.

ಇವೆಲ್ಲಕ್ಕೂ ತಾಳ್ಮೆ ಬೇಕು. ಜೈಸಲ್ಮೇರಿನ ತಾಡಪ್ರತಿ ಮತ್ತು ಪುಣೆಯ ಕಾಗದಪ್ರತಿಗಳ ಆಧಾರದಿಂದ ಅವರು ಸಂಪಾದಿಸಿದ 'ಕುವಲಯಮಾಲೆ'ಯ ಮೊದಲ ಭಾಗ 1959ರಲ್ಲಿಯೂ ಎರಡನೆಯ ಭಾಗ 1970ರಲ್ಲಿಯೂ ಪ್ರಕಟವಾದುವು. ಮರುವರ್ಷ, 1971ರಲ್ಲಿ, ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಹಾಗೂ ಪ್ರಾಕೃತದ ಪ್ರಾಧ್ಯಾಪಕರಾದರು.

ಇಂದು ಓಲೆಗಳ ಛಾಯಾಚಿತ್ರಗಳು ಸುಲಭವಾಗಿ ದೊರೆಯುತ್ತವೆ. ಆದರೆ ಓಲೆಯನ್ನು ಓದಿ ಅರ್ಥ ನಿರ್ಣಯಿಸಬಲ್ಲವರು ವಿರಳ. ಆದುದರಿಂದ ಪದವಿಯನ್ನು ಬಯಸುವ ವಿದ್ಯಾರ್ಥಿಯು ಒಂದು ಸಣ್ಣ ಗ್ರಂಥವನ್ನಾದರೂ ಪಂಡಿತರ ಸಮೀಪದಲ್ಲಿ ಕುಳಿತು ಎರಡು ಪ್ರತಿಗಳೊಡನೆ ಹೋಲಿಸಿ ಓದಬೇಕು. ಪಂಡಿತರೂ ಪಾಠಾಂತರಗಳನ್ನು ದಾಖಲಿಸುವ ಕ್ರಮವನ್ನು ರೂಢಿಸಿಕೊಳ್ಳಬೇಕು. ಭಂಡಾರಗಳಲ್ಲಿ ಕಟ್ಟಿಟ್ಟ ಶ್ರುತವು ನಮ್ಮ ಕೈಗೆ ಬಂದಿರುವುದು ಅಳಿಯದೆ ಉಳಿಯಲೆಂದು ಮಾತ್ರವಲ್ಲ, ಶುದ್ಧವಾಗಿ ಮುಂದಿನವರನ್ನು ಸೇರಲೆಂದು.